ವಿ ಆಂಡ್ ಎ ಈಸ್ಟ್ ಸ್ಟೋರ್‌ಹೌಸ್‌ಗೆ ದೊಡ್ಡ ಮಕ್ಕಳನ್ನು ಕರೆದುಕೊಂಡು ಹೋದವರು ಯಾರಾದರೂ ಇದ್ದೀರಾ?

ರೀಡಿಂಗ್‌ನ ಅಮ್ಮ

ಎಲ್ಲರಿಗೂ ನಮಸ್ಕಾರ. ಹಾಫ್ ಟರ್ಮ್ ರಜೆಯಲ್ಲಿ ಲಂಡನ್ನಿನ ವಿ ಆಂಡ್ ಎ (ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ) ಈಸ್ಟ್ ಸ್ಟೋರ್‌ಹೌಸ್‌ಗೆ ಹೋಗೋಣ ಅಂತ ಯೋಚನೆ ಇದೆ. ಮಗಳಿಗೆ 14, ಮಗನಿಗೆ 11. ಮಗಳು ಹೊಲಿಗೆ ಕಲಿಯುತ್ತಿದ್ದಾಳೆ, ತನ್ನ ಬಟ್ಟೆ ತಾನೇ ಆಲ್ಟರ್ ಮಾಡಿಕೊಳ್ಳುತ್ತಾಳೆ. ಮಗನಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಅಭ್ಯಾಸ.

ಹೋದ ವರ್ಷ ಒಂದು ದೊಡ್ಡ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಮುಕ್ಕಾಲು ಗಂಟೆಯೊಳಗೆ ಇಬ್ಬರೂ ಬೆಂಚಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದರು. ನನಗೆ ಬಹಳ ಬೇಸರವಾಯಿತು. ಚಿಕ್ಕವರಿದ್ದಾಗ ಡೈನೋಸಾರ್ ಕಂಡರೆ ಸಾಕು, ಕುಣಿಯುತ್ತಿದ್ದರು. ಈಗ ಆ ವಯಸ್ಸು ದಾಟಿದೆ. ದೊಡ್ಡವರ ಹಾಗೆ ನಿಂತು ಓದುವ ವಯಸ್ಸು ಇನ್ನೂ ಬಂದಿಲ್ಲ.

ಸ್ಟೋರ್‌ಹೌಸ್ ಬೇರೆ ಥರ, ಅದು ಮ್ಯೂಸಿಯಂನ ಉಗ್ರಾಣವೇ, ವಸ್ತುಗಳ ಪಕ್ಕ ವಿವರಣೆಯ ಬೋರ್ಡ್ ಇರುವುದಿಲ್ಲ ಅಂತ ಕೇಳಿದೆ. ಓದೋಕೆ ಏನೂ ಇಲ್ಲದಿದ್ದರೆ ಮಕ್ಕಳಿಗೆ ಇನ್ನೂ ಬೇಜಾರಾಗಲ್ವಾ? ಎಷ್ಟು ಹೊತ್ತು ಬೇಕು? ನಮಗೆ ಬೇಕಾದ ವಸ್ತುವನ್ನು ಮೊದಲೇ ಕೇಳಿ ತರಿಸಿಕೊಳ್ಳಬಹುದಂತೆ, ಅದನ್ನು ಯಾರಾದರೂ ಮಾಡಿದ್ದೀರಾ?

ವಾಲ್ಥಮ್‌ಸ್ಟೋ ನಿವಾಸಿ

ನಾನು ಎರಡು ಸಲ ಹೋಗಿದ್ದೇನೆ. ಓಡಾಟದ ವಿಷಯ ಮಾತ್ರ ಹೇಳುತ್ತೇನೆ, ಮಕ್ಕಳ ವಿಷಯ ಬೇರೆಯವರು ಹೇಳಲಿ.

ರೀಡಿಂಗ್‌ನಿಂದ ಎಲಿಜಬೆತ್ ಲೈನ್ ರೈಲು ಹಿಡಿಯಿರಿ. ವೈಟ್‌ಚಾಪೆಲ್‌ನಲ್ಲಿ ಬದಲಿಸಿ ಸ್ಟ್ರಾಟ್‌ಫರ್ಡ್‌ಗೆ ಬನ್ನಿ. ಅಲ್ಲಿಂದ ಓವರ್‌ಗ್ರೌಂಡ್ ರೈಲಿನಲ್ಲಿ ಒಂದೇ ಸ್ಟಾಪ್, ಹ್ಯಾಕ್ನಿ ವಿಕ್. ಆಮೇಲೆ ಸ್ವಲ್ಪ ನಡಿಗೆ. ಬಿಸಿಲಿದ್ದರೆ ಸ್ಟ್ರಾಟ್‌ಫರ್ಡ್‌ನಿಂದಲೇ ಒಲಿಂಪಿಕ್ ಪಾರ್ಕ್ ಒಳಗೆ ನಡೆದು ಬನ್ನಿ, ಚೆನ್ನಾಗಿರುತ್ತೆ. 2012ರ ಒಲಿಂಪಿಕ್ಸ್‌ನಲ್ಲಿ ಮಾಧ್ಯಮದವರಿಗೆ ಅಂತ ಕಟ್ಟಿದ ಕಟ್ಟಡದಲ್ಲೇ ಈ ಸ್ಟೋರ್‌ಹೌಸ್ ಇರುವುದು.

ಪ್ರವೇಶಕ್ಕೆ ದುಡ್ಡಿಲ್ಲ. ಗುರುವಾರ ಮತ್ತು ಶನಿವಾರ ರಾತ್ರಿ 10ರವರೆಗೆ ತೆರೆದಿರುತ್ತೆ, ಬೇರೆ ದಿನ ಸಂಜೆ 6ಕ್ಕೆ ಮುಚ್ಚುತ್ತಾರೆ. ಹೊರಡುವ ಮುಂಚೆ ವೆಬ್‌ಸೈಟ್ ಒಮ್ಮೆ ನೋಡಿಬಿಡಿ. ಬ್ಯಾಗ್ ಲಾಕರ್‌ನಲ್ಲಿ ಇಡಬೇಕು. ಹಾಗಾಗಿ ಊಟ ಮೊದಲೇ ಮುಗಿಸಿ. ಕೆಳಗೆ ಕೆಫೆ ಇದೆ.

ಸಾಗರದವನು, ಈಗ ಇಲ್ಫರ್ಡ್

ಅಕ್ಕ, ನಿಮ್ಮ ಪ್ರಶ್ನೆ ಓದಿ ನನ್ನ ಮನೆಯ ಕಥೆಯನ್ನೇ ಓದಿದ ಹಾಗಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ. ಮಗಳಿಗೆ 15, ಮಗನಿಗೆ 12. ನಾವೂ ಎರಡು ಸಲ ಹೋದೆವು. ಮೊದಲ ಸಲ ಸರಿಹೋಗಲಿಲ್ಲ. ಎರಡನೇ ಸಲ ಮಕ್ಕಳೇ ನನ್ನ ಕೈ ಹಿಡಿದು ತೋರಿಸಿದರು.

ಮೊದಲ ಸಲ ತಪ್ಪು ನನ್ನದೇ. ಎಲ್ಲವನ್ನೂ ತೋರಿಸಬೇಕು ಅಂತ ಹೊರಟಿದ್ದೆ. ಅಲ್ಲಿರುವುದು ಎರಡೂವರೆ ಲಕ್ಷಕ್ಕೂ ಹೆಚ್ಚು ವಸ್ತು. ಅದರ ಜೊತೆಗೆ ಮೂರೂವರೆ ಲಕ್ಷ ಪುಸ್ತಕ. ಎಲ್ಲ ನೋಡುವುದು ಹೇಗೆ? ಸುಮ್ನೆ ಕಪಾಟಿನಿಂದ ಕಪಾಟಿಗೆ ಓಡಿಸಿದೆ. ಮಕ್ಕಳು ಸುಸ್ತಾದರು.

ಜಾಗ ಹೇಗಿದೆ ಅಂತ ಹೇಳುತ್ತೇನೆ. ಒಳಗೆ ಹೋಗಿ ಮೆಟ್ಟಿಲು ಹತ್ತಿದರೆ ನೇರವಾಗಿ ಕಟ್ಟಡದ ನಡುಮಧ್ಯಕ್ಕೆ ಬಂದು ನಿಲ್ಲುತ್ತೀರಿ. ಸುತ್ತಲೂ ಕಬ್ಬಿಣದ ರ‍್ಯಾಕ್. ಮೇಲೂ ರ‍್ಯಾಕ್, ಕಾಲಡಿಗೂ ರ‍್ಯಾಕ್. ಕುರ್ಚಿ, ಬೊಂಬೆ, ಪಿಯಾನೋ, ಹೂಜಿ, ಸೈಕಲ್, ಕಲ್ಲಿನ ತಲೆ, ಎಲ್ಲ ಅಕ್ಕಪಕ್ಕ. ನಮ್ಮ ಅಡಕೆ ಮಂಡಿಯಲ್ಲಿ ಚೀಲ ಒಟ್ಟಿದ ಹಾಗೆ ಒಟ್ಟಿದ್ದಾರೆ ಅಂತ ಮೊದಲು ಅನ್ನಿಸಿತು. ಆದರೆ ಒಂದೊಂದಕ್ಕೂ ಅದರದೇ ಜಾಗ, ಅದರದೇ ಹಾಸಿಗೆ. ಇದೆಲ್ಲ ಮೊದಲು ಪಶ್ಚಿಮ ಲಂಡನ್ನಿನ ಬ್ಲೈತ್ ಹೌಸ್‌ನಲ್ಲಿ ಮುಚ್ಚಿದ ಬಾಗಿಲ ಹಿಂದೆ ಇತ್ತು. 2025ರ ಮೇ 31ಕ್ಕೆ ಇಲ್ಲಿ ಎಲ್ಲರಿಗೂ ತೆರೆದರು.

ಈಗ ನಿಮ್ಮ ಬೋರ್ಡಿನ ಪ್ರಶ್ನೆ. ಬೋರ್ಡ್ ಇಲ್ಲದಿರುವುದೇ ಈ ವಯಸ್ಸಿನ ಮಕ್ಕಳಿಗೆ ಒಳ್ಳೆಯದು ಅಂತ ನಾನು ಖಂಡಿತ ನಂಬುತ್ತೇನೆ. ಬೋರ್ಡ್ ಇದ್ದರೆ ಉತ್ತರ ಮೊದಲೇ ಬಂದುಬಿಡುತ್ತೆ. ಪ್ರಶ್ನೆ ಹುಟ್ಟೋಕೆ ಜಾಗವೇ ಇರುವುದಿಲ್ಲ. ಇಲ್ಲಿ ವಸ್ತುವಿಗೆ ಒಂದು ಚೀಟಿ ಕಟ್ಟಿರುತ್ತಾರೆ, ಅದರಲ್ಲಿ ಒಂದು ನಂಬರ್. ಅಷ್ಟೇ. ಆ ನಂಬರನ್ನು ಓದೋಕೆ ಕಲಿಸಿ, ಅಕ್ಕ. ನಮ್ಮ ಮಗನಿಗೆ ಇಡೀ ಜಾಗ ತೆರೆದುಕೊಂಡಿದ್ದು ಅಲ್ಲಿಂದ.

ಬಹಳಷ್ಟು ನಂಬರ್ ಹೀಗಿರುತ್ತೆ: ಮೊದಲು ಒಂದೆರಡು ಇಂಗ್ಲಿಷ್ ಅಕ್ಷರ, ಆಮೇಲೆ ಸಂಖ್ಯೆ, ಕೊನೆಗೆ ಒಂದು ಇಸವಿ. 'ಟಿ' ಅಂದರೆ ಜವಳಿ. 'ಡಬ್ಲ್ಯೂ' ಅಂದರೆ ಮರದ ಕೆಲಸ. 'ಸಿ' ಅಂದರೆ ಪಿಂಗಾಣಿ, ಮಣ್ಣಿನ ಪಾತ್ರೆ. 'ಐಎಸ್' ಅಂದರೆ ಭಾರತದ ವಿಭಾಗ. ಕೊನೆಯ ಇಸವಿ ವಸ್ತು ತಯಾರಾದದ್ದಲ್ಲ, ಅದು ಮ್ಯೂಸಿಯಂನ ಲೆಕ್ಕಕ್ಕೆ ಸೇರಿದ್ದು. ಇದು ಗೊತ್ತಾದ ಮೇಲೆ ಮಗ ಪ್ರತಿ ಚೀಟಿಯ ಮುಂದೆ ನಿಂತ. 'ಅಪ್ಪ, ಇದು ನಾನು ಹುಟ್ಟಿದ ವರ್ಷ ಬಂದಿದೆ', 'ಇದು ಮುತ್ತಜ್ಜನಿಗಿಂತ ಮುಂಚೆ ಬಂದಿದೆ'. ಆ ನಂಬರನ್ನು ಮೊಬೈಲ್‌ನಲ್ಲಿ ವಿ ಆಂಡ್ ಎ ಕ್ಯಾಟಲಾಗ್‌ಗೆ ಹಾಕಿದರೆ ವಸ್ತುವಿನ ಪುಟ ಬರುತ್ತೆ. ಅವನು ಮೊದಲು ಊಹೆ ಮಾಡಿ ಆಮೇಲೆ ನೋಡುತ್ತಿದ್ದ. ಮೊಬೈಲ್ ಕೈಯಲ್ಲೇ ಇತ್ತು, ಆದರೆ ಕಣ್ಣು ವಸ್ತುವಿನ ಮೇಲಿತ್ತು. ನನಗೆ ಅಷ್ಟೇ ಸಾಕಾಗಿತ್ತು.

ತರಿಸಿಕೊಳ್ಳುವ ವಿಷಯ. ದಯವಿಟ್ಟು ಮಾಡಿ. ಕ್ಯಾಟಲಾಗ್‌ನಲ್ಲಿ ಹುಡುಕಿ ಐದರವರೆಗೆ ವಸ್ತು ಆರಿಸಬಹುದು. ಕನಿಷ್ಠ ಎರಡು ವಾರ ಮುಂಚೆ ಬುಕ್ ಮಾಡಬೇಕು. ಎಲ್ಲ ವಸ್ತುವೂ ಸಿಗುವುದಿಲ್ಲ, ಸಿಗುವುದು ಯಾವುದು ಅಂತ ಅಲ್ಲೇ ತೋರಿಸುತ್ತೆ. ಮಕ್ಕಳು ಬರುತ್ತಾರೆ, ವಯಸ್ಸು ಇಷ್ಟು ಅಂತ ಮೊದಲೇ ಬರೆದು ತಿಳಿಸಿ. ಒಂದು ಮಾತು: ಆರಿಸುವುದು ಮಕ್ಕಳೇ ಆಗಿರಲಿ. ನೀವು ಕೈ ಹಾಕಬೇಡಿ.

ನಮ್ಮ ಮಗ ಏನು ಆರಿಸಿದ ಗೊತ್ತಾ? ಅಡಕತ್ತರಿ! ಭಾರತದ ವಸ್ತು ಅಂದಾಗ ನಾನು ಕತ್ತಿ, ಒಡವೆ ಕೇಳುತ್ತಾನೆ ಅಂದುಕೊಂಡಿದ್ದೆ. ಅವನು 'ಬೀಟಲ್ ನಟ್ ಕಟರ್' ಅಂತ ಹುಡುಕಿದ. ಊರಿನಲ್ಲಿ ನಮ್ಮ ಅಮ್ಮ ಊಟ ಆದ ಮೇಲೆ ಕಟ್ಟೆಯ ಮೇಲೆ ಕೂತು ಅಡಕೆ ಹೋಳು ಮಾಡುವುದನ್ನು ನೋಡಿದ್ದಾನೆ. ಮುಟ್ಟೋಕೆ ಮಾತ್ರ ಬಿಟ್ಟಿರಲಿಲ್ಲ, ಬೆರಳು ಹೋದೀತು ಅಂತ.

ಆ ದಿನ ಸಿಬ್ಬಂದಿ ಅದನ್ನು ತಂದು ಮೆತ್ತನೆ ಹಾಸಿನ ಮೇಲೆ ಇಟ್ಟರು. ಪೆನ್ನು ತೆಗೆಯಬೇಡಿ, ಪೆನ್ಸಿಲ್ ಮಾತ್ರ ಅಂದರು. ಕೈಗವಸು ಕೊಟ್ಟರು. ಬೆವರಿನ ಉಪ್ಪು ಲೋಹವನ್ನು ತಿನ್ನುತ್ತೆ, ಅದಕ್ಕೆ ಕೈಗವಸು ಅಂತ ಮಗನಿಗೆ ಬಿಡಿಸಿ ಹೇಳಿದರು. ಹಿತ್ತಾಳೆಯ ಹಿಡಿ, ಕಬ್ಬಿಣದ ಅಲಗು, ಮಧ್ಯೆ ಒಂದು ಕೀಲು. ಮಗ ಅದರ ಕೀಲನ್ನೇ ಹತ್ತು ನಿಮಿಷ ನೋಡಿದ. ಅಲಗು ಒಂದು ಕಡೆ ಸವೆದಿತ್ತು. 'ಇದನ್ನು ಯಾರೋ ದಿನಾ ಬಳಸಿದ್ದಾರೆ ಅಪ್ಪ, ಶೋಗೆ ಮಾಡಿದ್ದಲ್ಲ' ಅಂದ. ಮಗಳು, 'ಅಮ್ಮ ಯಾವಾಗಲೂ ಅಡಕತ್ತರಿಯಲ್ಲಿ ಸಿಕ್ಕಿದ ಹಾಗೆ ಅಂತಾಳಲ್ಲ, ಆ ಅಡಕತ್ತರಿ ಇದೇನಾ?' ಅಂದಳು. ಹದಿನೈದು ವರ್ಷ ಆ ಮಾತು ಕೇಳಿದ್ದಾಳೆ, ಅದಕ್ಕೆ ಎರಡು ತೋಳು ಇದೆ ಅಂತ ಅವಳಿಗೆ ಅವತ್ತು ಹೊಳೆಯಿತು. ಮಗ ಬರೆದ ಚಿತ್ರವನ್ನು ಸಂಜೆ ಊರಿನಲ್ಲಿರುವ ನಮ್ಮ ಅಮ್ಮನಿಗೆ ವಾಟ್ಸಾಪ್ ಮಾಡಿದೆವು. ಅವರು ತಮ್ಮದನ್ನು ತಂದು ಕ್ಯಾಮೆರಾ ಮುಂದೆ ಹಿಡಿದರು. ಅದೂ ಅದೇ ಕಡೆ ಸವೆದಿದೆ.

ಉಳಿದದ್ದರಲ್ಲಿ ಇವನ್ನು ಬಿಡಬೇಡಿ. ರಾಬಿನ್ ಹುಡ್ ಗಾರ್ಡನ್ಸ್ ಅಂತ ಪೂರ್ವ ಲಂಡನ್ನಿನಲ್ಲೇ 1972ರಲ್ಲಿ ಮುಗಿದ ಕಾಂಕ್ರೀಟ್ ವಸತಿ ಕಟ್ಟಡ ಇತ್ತು. ಅದನ್ನು ಕೆಡವಿದಾಗ ಒಂದು ತುಂಡು ಗೋಡೆಯನ್ನು ತಂದು ಇಲ್ಲಿ ನಿಲ್ಲಿಸಿದ್ದಾರೆ. ನಮ್ಮಂಥವರು ಬಾಡಿಗೆಗೆ ಇದ್ದ ಮನೆಯ ಗೋಡೆ, ಮ್ಯೂಸಿಯಂನಲ್ಲಿ! ಮಗಳು ಅಲ್ಲಿಂದ ಕದಲಲಿಲ್ಲ. ಸ್ಪೇನಿನ ಟೊರಿಹೋಸ್ ಅರಮನೆಯ ಮರದ ಛಾವಣಿ ಇದೆ, ಕತ್ತೆತ್ತಿ ನೋಡಬೇಕು. ಫ್ರಾಂಕ್‌ಫರ್ಟ್ ಕಿಚನ್ ಇದೆ. 1926ರ ಸುಮಾರಿಗೆ ಮಾರ್ಗರೆಟ್ ಶುಟೆ-ಲಿಹೋಟ್ಸ್ಕಿ ಅನ್ನುವ ವಾಸ್ತುಶಿಲ್ಪಿ ಸಣ್ಣ ಮನೆಗಳಿಗೆ ಅಂತ ಮಾಡಿದ ಅಡುಗೆಮನೆ. ಹೆಚ್ಚು ಓಡಾಡದೆ ನಿಂತಲ್ಲೇ ಎಲ್ಲ ಕೈಗೆ ಸಿಗಬೇಕು ಅನ್ನುವ ಲೆಕ್ಕ. ಇವತ್ತು ನಮ್ಮ ಫ್ಲಾಟ್‌ಗಳಲ್ಲಿ ಇರುವ ಅಡುಗೆಮನೆಯ ಮೂಲ ಅದೇ. ನನ್ನ ಹೆಂಡತಿ ಅದರ ಮುಂದೆ ನಿಂತಷ್ಟು ಹೊತ್ತು ಬೇರೆಲ್ಲೂ ನಿಲ್ಲಲಿಲ್ಲ.

ಇನ್ನೊಂದು ಆಗ್ರಾ ಕೋಟೆಯ ಸ್ನಾನಗೃಹದ ಅಮೃತಶಿಲೆಯ ಕಂಬಸಾಲು, 17ನೇ ಶತಮಾನದ್ದು. ಅದು ನಿಮ್ಮ ಕಾಲಡಿ ಇರುತ್ತೆ, ಗಾಜಿನ ನೆಲದ ಕೆಳಗೆ. ಮಗ ಗಾಜಿನ ಮೇಲೆ ಬೋರಲಾಗಿ ಮಲಗಿ ನೋಡಿದ. ಯಾರೂ ಬೈಯಲಿಲ್ಲ.

ಸಮಯ ಎರಡು ಗಂಟೆ ಸಾಕು. ಅದಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ.

ರೀಡಿಂಗ್‌ನ ಅಮ್ಮ

ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಓದುತ್ತಾ ನಮ್ಮಜ್ಜಿಯ ಎಲೆಡಕೆ ತಟ್ಟೆ ನೆನಪಾಯಿತು.

ಒಂದು ಪ್ರಶ್ನೆ ಉಳಿಯಿತು. ಆಗ್ರಾದ ಕಂಬ ಅಂದಿರಲ್ಲ. ಅದನ್ನು ಕಂಡರೆ ನನ್ನ ಮಗಳು ಖಂಡಿತ ಕೇಳುತ್ತಾಳೆ, ಇದು ಇಲ್ಲಿಗೆ ಹೇಗೆ ಬಂತು, ಕದ್ದು ತಂದಿದ್ದಾ ಅಂತ. ನಾವು ಮಂಡ್ಯದ ಕಡೆಯವರು. ಶ್ರೀರಂಗಪಟ್ಟಣ ನೋಡಿ ಬೆಳೆದವಳು ನಾನು. ಟಿಪ್ಪುವಿನ ಹುಲಿ, ಆ ಮರದ ಬೊಂಬೆ, ವಿ ಆಂಡ್ ಎ ವಶದಲ್ಲಿದೆ ಅಂತ ಅವಳಿಗೂ ಗೊತ್ತು. ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಮಾತಾಡಿದಿರಿ?

ಸಾಗರದವನು, ಈಗ ಇಲ್ಫರ್ಡ್

ಕೇಳಲಿ ಅಕ್ಕ, ಕೇಳಲೇಬೇಕು. ನಮ್ಮ ಮಗಳೂ ಕೇಳಿದಳು. ನಾನು ಮೊದಲು ಏನೋ ಹೇಳಿ ಮಾತು ಬದಲಿಸೋಕೆ ನೋಡಿದೆ. ಅವಳು ಬಿಡಲಿಲ್ಲ.

ಆಮೇಲೆ ಒಂದು ದಾರಿ ಸಿಕ್ಕಿತು. ಕ್ಯಾಟಲಾಗ್ ಪುಟದ ಕೆಳಗೆ ವಸ್ತು ಯಾರಿಂದ ಬಂತು ಅನ್ನುವ ಸಾಲು ಇರುತ್ತೆ. ಕೊಂಡದ್ದು, ಯಾರೋ ಕೊಟ್ಟದ್ದು, ಉಯಿಲಿನಲ್ಲಿ ಬಿಟ್ಟು ಹೋದದ್ದು. ಕೆಲವಕ್ಕೆ ಹಿಂದಿನ ಕಥೆಯೂ ಇರುತ್ತೆ. ಕೆಲವು ಕಡೆ ಏನೂ ಇರುವುದಿಲ್ಲ. ಅದನ್ನು ಜೊತೆಯಲ್ಲಿ ಕೂತು ಓದಿ. ಕೊಂಡದ್ದು ಅಂತ ಇದ್ದರೆ ಅಲ್ಲಿಗೆ ಮುಗಿಯಲಿಲ್ಲ. ಮಾರಿದವರಿಗೆ ಅದು ಎಲ್ಲಿಂದ ಬಂತು ಅಂತ ಮಗಳು ಮುಂದಿನ ಪ್ರಶ್ನೆ ಕೇಳಿದಳು. ಅವಳು ಸರಿ.

ಟಿಪ್ಪುವಿನ ಹುಲಿಯ ವಿಷಯದಲ್ಲಿ ದಾಖಲೆ ಸ್ಪಷ್ಟ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯಲ್ಲಿ ಹೋದದ್ದು. 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅದನ್ನು ಲಂಡನ್ನಿನ ತನ್ನ ಮ್ಯೂಸಿಯಂನಲ್ಲಿ ಜನರಿಗೆ ತೋರಿಸೋಕೆ ಇಟ್ಟಿತು. ಆ ಕಂಪನಿ ಹೋಯಿತು, ವಸ್ತುಗಳು ಕೊನೆಗೆ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂಗೆ ಬಂದವು. ಈಗಿನ ವಿ ಆಂಡ್ ಎ ಅದೇ. ಹುಲಿಯ ನಂಬರ್ 2545, ಪಕ್ಕದಲ್ಲಿ ಐಎಸ್. ಈ ನಂಬರಿನಲ್ಲಿ ಇಸವಿ ಇಲ್ಲ. ಮಗಳು ಅದನ್ನು ಗಮನಿಸಿ ಯಾಕೆ ಅಂತ ಕೇಳಿದಳು. ಕಂಪನಿಯ ಮ್ಯೂಸಿಯಂನ ವಸ್ತುಗಳು ಒಂದೊಂದಾಗಿ ಬರಲಿಲ್ಲ, ರಾಶಿಯಾಗಿ ಬಂದವು ಅಂತ ಹೇಳಿದೆ. 'ಹಾಗಾದರೆ ನಂಬರ್ ಕೊಟ್ಟವರಿಗೆ ಅದು ಯಾರ ಮನೆಯದು ಅಂತ ಗೊತ್ತಿತ್ತಾ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಮ್ಮನಿದ್ದೆ. ರೈಲಿನಲ್ಲಿ ಬರುವಾಗ ಮತ್ತೆ ಅದೇ ಮಾತು ಎತ್ತಿದಳು.

ಮಕ್ಕಳ ಸಿಟ್ಟಿಗೆ ಹೆದರಬೇಡಿ. ಅಮೃತಶಿಲೆ ಎಷ್ಟು ಚೆಂದ ಕೆತ್ತಿದ್ದಾರೆ ಅಂತ ಖುಷಿಪಡುವುದೂ, ಇದು ಆಗ್ರಾದಲ್ಲಿ ಯಾಕಿಲ್ಲ ಅಂತ ಸಿಟ್ಟಾಗುವುದೂ ಒಟ್ಟಿಗೆ ಆಗುತ್ತೆ. ನನಗೂ ಹಾಗೇ ಆಯಿತು.

ಡೆಲ್ಫ್ಟ್‌ನಿಂದ

ನಿಮ್ಮಲ್ಲಿ ಯಾರಾದರೂ ನೆದರ್‌ಲ್ಯಾಂಡ್ಸ್ ಕಡೆ ಬಂದರೆ ರಾಟರ್‌ಡ್ಯಾಮ್‌ನ ಬೊಯ್‌ಮಾನ್ಸ್ ಡಿಪೋ ನೋಡಿ. 2021ರ ನವೆಂಬರ್‌ನಲ್ಲಿ ತೆರೆದದ್ದು. ಮ್ಯೂಸಿಯಂ ರಿಪೇರಿಗೆ ಅಂತ 2019ರಿಂದ ಮುಚ್ಚಿದೆ, ಆದರೆ ಅದರ ಒಂದೂವರೆ ಲಕ್ಷ ವಸ್ತು ಪಕ್ಕದ ಈ ಕಟ್ಟಡದಲ್ಲಿದೆ. ದೊಡ್ಡ ಬಟ್ಟಲಿನ ಆಕಾರ, ಹೊರಗೆಲ್ಲ ಕನ್ನಡಿ. ಮೇಲೆ ತಾರಸಿಯಲ್ಲಿ ಬರ್ಚ್ ಮರಗಳನ್ನು ಬೆಳೆಸಿದ್ದಾರೆ. ಟಿಕೆಟ್ ಇದೆ.

ನಮ್ಮ ಮಗನಿಗೆ 13. ಅವನಿಗೆ ಹಿಡಿಸಿದ್ದು ವಸ್ತುಗಳನ್ನು ಜೋಡಿಸಿದ ರೀತಿ. ಯಾವ ಕಾಲದ್ದು, ಯಾರು ಬರೆದದ್ದು ಅಂತ ನೋಡಿ ಜೋಡಿಸಿಲ್ಲ. ಯಾವುದಕ್ಕೆ ಎಂಥ ಹವೆ ಬೇಕು ಅಂತ ನೋಡಿ ಇಟ್ಟಿದ್ದಾರೆ. ಲೋಹಕ್ಕೆ ಒಣ ಹವೆ. ಕಲರ್ ಫೋಟೋಗೆ ತಣ್ಣನೆ ಕೋಣೆ. ಮನೆಗೆ ಬಂದು ನಮ್ಮ ಮದುವೆ ಆಲ್ಬಂ ರೇಡಿಯೇಟರ್ ಪಕ್ಕದ ಶೆಲ್ಫ್‌ನಲ್ಲಿ ಇದ್ದದ್ದನ್ನು ಅವನೇ ಎತ್ತಿ ಬೇರೆ ಕಡೆ ಇಟ್ಟ.

ಲಂಡನ್ನಿನಲ್ಲೂ ರಿಪೇರಿ ಮಾಡುವವರು ಕೆಲಸ ಮಾಡುವುದು ಮೇಲಿನಿಂದ ಕಾಣುತ್ತೆ. ನಿಮ್ಮ ಮಗಳಿಗೆ ಹೊಲಿಗೆ ಇಷ್ಟ ಅಂದಿರಲ್ಲ, ಬಟ್ಟೆ ರಿಪೇರಿ ನಡೆಯುತ್ತಿದ್ದರೆ ಅಲ್ಲಿ ನಿಲ್ಲಿಸಿ.

ನಿವೃತ್ತ ಮೇಷ್ಟ್ರು

ನಾನು ಮೊಮ್ಮಗಳ ಮನೆಗೆ ಅಂತ ಇಲ್ಲಿಗೆ ಬಂದಿದ್ದೇನೆ. ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾಗ ಮಕ್ಕಳನ್ನು ರಾಮನಗರದ ಹತ್ತಿರ ಜಾನಪದ ಲೋಕಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ಅದು ಉಗ್ರಾಣ ಅಲ್ಲ. ಆದರೂ ಅಲ್ಲಿನ ಲೋಕಮಹಲ್‌ನಲ್ಲಿ ಹಳ್ಳಿ ಮನೆಯ ಸಾಮಾನು ಸಾಲಾಗಿ ಇರುವುದನ್ನು ನೋಡಿದರೆ ನೀವೆಲ್ಲ ಹೇಳುತ್ತಿರುವುದು ನನಗೆ ಅರ್ಥವಾಗುತ್ತೆ.

ಅಲ್ಲಿ ನಾನು ಮಕ್ಕಳಿಗೆ ಒಂದೇ ಕೆಲಸ ಕೊಡುತ್ತಿದ್ದೆ. ಹೆಸರು ಗೊತ್ತಿಲ್ಲದ ಒಂದು ವಸ್ತು ಹುಡುಕು. ಅದನ್ನು ಎಲ್ಲಿ ಹಿಡಿಯುತ್ತಿದ್ದರು, ಎಲ್ಲಿ ಸವೆದಿದೆ ನೋಡು. ಮನೆಗೆ ಹೋಗಿ ಅಜ್ಜಿಯನ್ನು ಕೇಳು. ಮಾರನೆಯ ದಿನ ತರಗತಿಯಲ್ಲಿ ಶಾವಿಗೆ ಒರಳು, ಪಾವು, ಚಟಾಕು, ಕಡೆಗೋಲು ಅಂತ ಮಾತೇ ಮಾತು. ಓದಿನಲ್ಲಿ ಹಿಂದಿದ್ದ ಹುಡುಗರೇ ಅವತ್ತು ಮುಂದೆ ಬಂದು ಹೇಳುತ್ತಿದ್ದರು.

ಲಂಡನ್ನಿಗೆ ಹೋಗುವ ಮುಂಚೆ ನಿಮ್ಮ ಮನೆಯ ಅಟ್ಟದಲ್ಲೋ ಗ್ಯಾರೇಜಿನಲ್ಲೋ ಹೀಗೊಂದು ಗಂಟೆ ಮಾಡಿ ನೋಡಿ ತಾಯಿ.

ರೀಡಿಂಗ್‌ನ ಅಮ್ಮ

ಮೂರು ವಾರ ಆಯಿತು, ಹೋಗಿ ಬಂದೆವು. ಬರೆಯದೆ ಇರೋಕೆ ಆಗಲಿಲ್ಲ.

ಮೇಷ್ಟ್ರೇ, ಮೊದಲು ಮನೆಯಲ್ಲೇ ಮಾಡಿದೆವು. ಮಗ ಗ್ಯಾರೇಜಿನಿಂದ ನನ್ನ ಅಮ್ಮ ಕೊಟ್ಟಿದ್ದ ಹಿತ್ತಾಳೆ ಸೇರು ತಂದ. ನಾನೇ ಮರೆತಿದ್ದೆ. ಬಾಯಿಯ ಅಂಚು ಒಂದು ಕಡೆ ಒಳಕ್ಕೆ ಬಾಗಿದೆ. ಅಮ್ಮನಿಗೆ ಫೋನ್ ಮಾಡಿದರೆ, ರಾಗಿ ಅಳೆಯುವಾಗ ಹಗೇವಿನ ಬಾಯಿಗೆ ಬಡಿದದ್ದು ಅಂದರು. ಹಗೇವು ಅಂದರೆ ಏನು ಅಂತ ಮಗ ಕೇಳಿದ. ನೆಲದೊಳಗೆ ಕಾಳು ತುಂಬಿಡುವ ಗುಂಡಿ ಅಂತ ಅಮ್ಮ ಅರ್ಧ ಗಂಟೆ ಹೇಳಿದರು. ಒಳಗೆ ಇಳಿಯುವ ಮುಂಚೆ ದೀಪ ಬಿಟ್ಟು ನೋಡುತ್ತಿದ್ದರಂತೆ, ಆರಿದರೆ ಇಳಿಯುವ ಹಾಗಿಲ್ಲ.

ಸ್ಟೋರ್‌ಹೌಸ್‌ನಲ್ಲಿ ಮಗ ಒಂದು ಹಳೆಯ ಬೀಗ ಕೇಳಿದ್ದ. ಬಿಚ್ಚೋಕೆ ಬಿಡಲಿಲ್ಲ, ಆದರೆ ಹಿಂಬದಿ ತೋರಿಸಿದರು. ಚಿತ್ರ ಬರೆದುಕೊಂಡ. ಮಗಳು ಒಂದು ಹಳೆಯ ಗೌನ್ ಕೇಳಿದಳು. ಅದನ್ನು ಮುಟ್ಟುವ ಹಾಗಿರಲಿಲ್ಲ, ಸಿಬ್ಬಂದಿಯೇ ಅಂಚನ್ನು ಮೆಲ್ಲಗೆ ತಿರುಗಿಸಿ ಒಳಗಿನ ಹೊಲಿಗೆ ತೋರಿಸಿದರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟ ಬಟ್ಟೆಯ ಒಳಭಾಗ ಎಲ್ಲಿ ಕಾಣುತ್ತೆ ಹೇಳಿ? ಅಂಚಿನಲ್ಲಿ ಹಳೆಯ ದಾರದ ತೂತುಗಳ ಒಂದು ಸಾಲು, ಅದರ ಕೆಳಗೆ ಈಗಿನ ಹೊಲಿಗೆ. 'ಯಾರೋ ಇದನ್ನು ಉದ್ದ ಬಿಟ್ಟಿದ್ದಾರೆ ಅಮ್ಮ, ನಾನು ಯೂನಿಫಾರ್ಮ್ ಸ್ಕರ್ಟ್ ಬಿಡಿಸಿದ ಹಾಗೆ' ಅಂದಳು. ತೋರಿಸುತ್ತಿದ್ದವರು ಹೌದು ಅಂತ ತಲೆಯಾಡಿಸಿದರು. ಅವಳ ಮುಖ ನೀವು ನೋಡಬೇಕಿತ್ತು.

ಆಗ್ರಾದ ಕಂಬದ ಹತ್ತಿರ ಕೇಳಿದಳು, ನಾನು ಅಂದುಕೊಂಡ ಪ್ರಶ್ನೆಯನ್ನೇ. ಅಲ್ಲೇ ನೆಲದ ಮೇಲೆ ಕೂತು ಮೂವರೂ ಓದಿದೆವು.

ಎರಡು ಗಂಟೆ ಅಂದಿರಿ, ನಮಗೆ ಮೂರೂವರೆ ಆಯಿತು. ಹಸಿವು ತಡೆಯದೆ ಹೊರಗೆ ಬಂದೆವು. ಈಗ ಮಗನಿಗೆ ರಾಟರ್‌ಡ್ಯಾಮ್‌ನ ಬಟ್ಟಲು ನೋಡಬೇಕಂತೆ. ಡೆಲ್ಫ್ಟ್‌ನವರೇ, ಈಸ್ಟರ್ ರಜೆಯಲ್ಲಿ ಬಂದರೆ ಅಲ್ಲಿ ಬಹಳ ರಶ್ ಇರುತ್ತಾ?